ಹಟ್ಟಿಯಿಂದ ಹಟ್ಟಿಗೆ, ಷಡ್ಡಕರೊಡನೆ

ಬೆಟ್ಟಕ್ಕೆ ಹೋಗದೆಯೇ ಬೆಟ್ಟ ಹತ್ತುವುದು ಹೇಗೆಂದು ತಿಳಿಯಬೇಕಾದರೆ ನೀವು ನನ್ನ ಷಡ್ಡಕರನ್ನು ಕೇಳಬೇಕು. ಟೌನ್‌ಹೌಸಿನ ಬೇಸ್‌ಮೆಂಟಿನಿಂದ ಹೊರಟು, ಅಡುಗೆಮನೆಯ ಕಣಿವೆಯನ್ನು ದಾಟಿ, ಮೇಲಿನ ಮಹಡಿಯ ಬಟ್ಟೆ ಬೀರುವಿನವರೆಗೆ ಪರ್ವತಾರೋಹಣ ಮಾಡಿದ ಕನ್ನಡಿಗರು ಅಮೆರಿಕದಲ್ಲಿ ಅವರೊಬ್ಬರೇ ಇರಬೇಕು. ಅದೂ ಒಂದು ಸಲವಲ್ಲ, ಇಡೀ ಒಂದು ವಸಂತಕಾಲ! ಬೆನ್ನಿಗೆ ಬ್ಯಾಕ್‌ಪ್ಯಾಕು, ಅದರೊಳಗೆ ಎರಡು ಮೂಟೆ ಬಾಸ್ಮತಿ ಅಕ್ಕಿ, ಕೈಯಲ್ಲಿ ಕೋಲು. ಫೋನ್ ಮಾಡಿದರೆ ಏದುಸಿರು ಬಿಡುತ್ತಾ, "ಈಗಷ್ಟೇ ಎರಡನೇ ಹಟ್ಟಿ ಹತ್ರ ಬಂದೆ ಕಣ್ರೀ, ನೀರು ಕುಡಿದು ಮಾತಾಡ್ತೀನಿ" ಎನ್ನುತ್ತಿದ್ದರು. ಎರಡನೇ ಹಟ್ಟಿ ಎಂದರೆ ವಾಷಿಂಗ್ ಮಷೀನ್ ಇದ್ದ ಜಾಗ.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಇದು ರಕ್ತದಿಂದ ಬಂದ ನಂಟಲ್ಲ, ನಾವಾಗಿ ಬೆಳೆಸಿದ ಸ್ನೇಹವೂ ಅಲ್ಲ. ಇಬ್ಬರು ಅಕ್ಕತಂಗಿಯರು ಬೇರೆ ಬೇರೆ ಕಾಲದಲ್ಲಿ ಮಾಡಿದ ಎರಡು ತೀರ್ಮಾನಗಳ ಫಲವಾಗಿ ಒಂದೇ ಸೋಫಾದ ಎರಡು ತುದಿಯಲ್ಲಿ ಬಂದು ಕೂತವರು ನಾವು. ತೊಂಬತ್ತರ ದಶಕದ ನಡುಭಾಗವದು. ಅವರಿದ್ದದ್ದು ಎಲಿಕಾಟ್ ಸಿಟಿಯಲ್ಲಿ, ನಾವಿದ್ದದ್ದು ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿಯ ಶ್ಯಾಂಟಿಲಿಯಲ್ಲಿ. ಅವರು ಬಂದು ಹದಿನೈದು ವರ್ಷಗಳಾಗಿದ್ದವು. ನನ್ನ ಸೂಟ್‌ಕೇಸಿನ ಮೇಲಿನ ಏರ್‌ಪೋರ್ಟಿನ ಚೀಟಿ ಇನ್ನೂ ಹರಿದಿರಲಿಲ್ಲ. ಆದ್ದರಿಂದ ಅಮೆರಿಕದ ಬಗ್ಗೆ ಅವರು ಏನು ಹೇಳಿದರೂ ನಾನು ನಂಬುತ್ತಿದ್ದೆ.

ಅವರು ಹೇಳಿದ್ದು ಇಷ್ಟು. ವರ್ಜೀನಿಯಾದ ಶೆನಂಡೋವಾ ಬೆಟ್ಟಸಾಲಿನ ನೆತ್ತಿಯ ಮೇಲೆ ಒಂದು ಕಾಲುದಾರಿಯಿದೆ. ದಾರಿಯುದ್ದಕ್ಕೂ ಒಂದು ದಿನದ ನಡಿಗೆಗೆ ಒಂದರಂತೆ ಕಲ್ಲಿನ ಹಟ್‌ಗಳಿವೆ. ಹಗಲೆಲ್ಲ ನಡೆಯುವುದು, ಸಂಜೆ ಹಟ್ ಸೇರುವುದು, ಬೆಳಿಗ್ಗೆ ಎದ್ದು ಮುಂದಿನ ಹಟ್‌ಗೆ ಹೊರಡುವುದು. ಮೇ ಕೊನೆಯ ಲಾಂಗ್ ವೀಕೆಂಡಿನಲ್ಲಿ ನಾವು ಎರಡೂ ಮನೆಯವರು ಹೀಗೆ ನಡೆಯತಕ್ಕದ್ದು. ಹಟ್ ಎನ್ನುವುದು ನಮ್ಮ ಹಟ್ಟಿಯೇ ಎಂಬುದು ಅವರ ಸಂಶೋಧನೆ. ಇಂಗ್ಲಿಷಿನವರು ಹಡಗಿನಲ್ಲಿ ಒಯ್ಯುವಾಗ ಕೊನೆಯ ಇಕಾರ ಸಮುದ್ರಕ್ಕೆ ಬಿದ್ದಿತಂತೆ. ಹಾಗಾಗಿ ಆ ಪ್ರವಾಸದುದ್ದಕ್ಕೂ ನಾವು ಹಟ್ಟಿಯೆಂದೇ ಹೇಳಬೇಕೆಂದು ಅಪ್ಪಣೆಯಾಯಿತು.

ಎಷ್ಟು ಎತ್ತರದ ಬೆಟ್ಟ ಎಂದು ಕೇಳಿದೆ. ಹೇಳಿದರು. "ಅಂದ್ರೆ ನಂದಿಬೆಟ್ಟಕ್ಕಿಂತ ಗಿಡ್ಡ" ಎಂದೆ. ಅವರ ಮುಖ ನೋಡಬೇಕಿತ್ತು! ನಂದಿಗೆ ಬಸ್ಸು ಹೋಗುತ್ತದೆ, ಬಸ್ಸು ಹೋಗುವ ಬೆಟ್ಟವನ್ನು ಬೆಟ್ಟವೆಂದು ಲೆಕ್ಕಕ್ಕೆ ಹಿಡಿಯಬಾರದು ಎಂದು ಅರ್ಧ ಗಂಟೆ ವಿವರಿಸಿದರು. ಈ ಮಾತನ್ನು ಅವರು ಆಡಬಾರದಿತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ತಯಾರಿ ಜೋರಾಯಿತು. ಹೊಸ ಬೂಟು ಕೊಂಡರು. ಬೂಟನ್ನು ಕಾಲಿಗೆ ಪಳಗಿಸಬೇಕಂತೆ, ಕುದುರೆಯ ಹಾಗೆ. ಅದಕ್ಕಾಗಿ ಆಫೀಸಿಗೂ ಅದೇ, ಅಂಗಡಿಗೂ ಅದೇ, ಯುಗಾದಿ ಕಾರ್ಯಕ್ರಮದಲ್ಲಿ ಜರಿಪಂಚೆಯ ಕೆಳಗೂ ಅದೇ. ಪಕ್ಕದ ಊರು ಕೊಲಂಬಿಯಾದಲ್ಲಿ ಸ್ನೇಹಿತರೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ ಬೂಟು ಬಿಚ್ಚಿದರೆ ಪಳಗಿದ್ದು ಕೆಟ್ಟೀತೆಂದು ಗರಾಜಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಮನೆಯೊಡತಿ ಪಾಪ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಲ್ಲಿ ಅವರಿಗೆ ಸಜ್ಜಿಗೆ ಪ್ರಸಾದ ತಂದುಕೊಟ್ಟರು.

ಆಮೇಲೆ ಕರಡಿ. ಆ ಬೆಟ್ಟದಲ್ಲಿ ಕರಡಿಗಳಿವೆ, ತಿಂಡಿ ಚೀಲವನ್ನು ಎತ್ತರಕ್ಕೆ ನೇತುಹಾಕಬೇಕು ಎಂದು ಎಲ್ಲೋ ಓದಿದರು. ಓದಿದ್ದನ್ನು ಮಾಡಿ ನೋಡದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಊಟದ ಮೇಜಿನ ಮೇಲಿದ್ದ ತೂಗುದೀಪದ ಕೊಕ್ಕೆಗೆ ಹಗ್ಗ ಹಾಕಿ ಅವಲಕ್ಕಿ ಚೀಲ ಎಳೆದರು. ಚೀಲ ಮೇಲೆ ಹೋಗಲಿಲ್ಲ, ದೀಪ ಕೆಳಗೆ ಬಂತು. ಅವರ ಮಗಳು, ಹೈಸ್ಕೂಲಿನ ಹುಡುಗಿ, ಸೋಫಾದಿಂದ ಏಳದೆ ತನ್ನ ನಿರ್ಧಾರ ತಿಳಿಸಿದಳು: "ಡ್ಯಾಡ್, ನಾನು ಬರಲ್ಲ. ಯು ವಿಲ್ ಟಾಕ್ ಟು ದ ಬೇರ್ಸ್." ಅವಳು ಆ ಮೂರು ದಿನ ಗೆಳತಿಯ ಮನೆಯಲ್ಲಿ ಇರುವುದೆಂದಾಯಿತು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹೋಗುವ ನಾಲ್ವರಲ್ಲಿ ಇಬ್ಬರು ಪರಸ್ಪರ ಮಾತು ಬಿಟ್ಟಿದ್ದರು. ನನ್ನ ಹೆಂಡತಿ ಮತ್ತು ಅವಳ ಅಕ್ಕ, ಅಂದರೆ ಅತ್ತಿಗೆ.

ಹಿಂದಿನ ವರ್ಷ ಮೈಸೂರಿನಲ್ಲಿ ಮಾವನವರಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಸುದ್ದಿ ಮೊದಲು ಬಂದದ್ದು ಅತ್ತಿಗೆಗೆ. ನನ್ನ ಹೆಂಡತಿ ಆಗ ಫಿಸಿಯೋಥೆರಪಿ ಲೈಸೆನ್ಸ್ ಪರೀಕ್ಷೆಗೆ ಹಗಲಿರುಳು ಓದುತ್ತಿದ್ದಳು. ಪರೀಕ್ಷೆ ಮುಗಿಯುವವರೆಗೆ ಅವಳಿಗೆ ಹೇಳುವುದು ಬೇಡ ಎಂದು ಅತ್ತಿಗೆ ತೀರ್ಮಾನಿಸಿ, ನನಗೂ ಹೇಳದೆ, ಎಲ್ಲವನ್ನೂ ಒಬ್ಬರೇ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಆಪರೇಷನ್ ಆಗಿ ಮಾವ ಮನೆಗೆ ಬಂದ ಮೇಲೆ, ಪರೀಕ್ಷೆಯೂ ಮುಗಿದ ಮೇಲೆ, ಹೇಳಿದರು. ಮಾವ ಚೆನ್ನಾಗಿಯೇ ಇದ್ದಾರೆ, ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗ್ ಹೋಗುತ್ತಾರೆ. ಇವಳು ಪರೀಕ್ಷೆಯಲ್ಲಿ ಪಾಸೂ ಆದಳು. ಕೆಟ್ಟದ್ದು ಏನೂ ಆಗಲಿಲ್ಲ, ಅಕ್ಕತಂಗಿಯರ ಮಾತು ನಿಂತದ್ದೊಂದನ್ನು ಬಿಟ್ಟು. "ನಮ್ಮಪ್ಪ ಸಾಯೋ ಹಾಗಿದ್ದಾಗ ನಾನು ಮೊಣಕಾಲಿನ ಮೂಳೆ ಹೆಸರು ಬಾಯಿಪಾಠ ಮಾಡ್ತಾ ಕೂತಿದ್ದೆ" ಎನ್ನುತ್ತಿದ್ದಳು ಇವಳು.

ಜಗಳವಿರಲಿಲ್ಲ, ಕೂಗಾಟವಿರಲಿಲ್ಲ. ಹಬ್ಬಕ್ಕೆ ಅವರ ಮನೆಗೆ ಹೋಗುತ್ತಿದ್ದೆವು, ಅವರೂ ಬರುತ್ತಿದ್ದರು. ಆದರೆ ಅವರಿಬ್ಬರ ಮಾತೆಲ್ಲ ನಮ್ಮಿಬ್ಬರ ಮೂಲಕ. "ರೀ, ಭಾವನ್ನ ಕೇಳಿ, ಅವರ ಮನೆಯವರು ಸಾರಿಗೆ ಉಪ್ಪು ಹಾಕಿದಾರಾ ಅಂತ." ಭಾವ, ಅಂದರೆ ನನ್ನ ಷಡ್ಡಕರು, ಅದನ್ನು ಪಕ್ಕದಲ್ಲೇ ನಿಂತಿದ್ದ ಅತ್ತಿಗೆಗೆ ಹೇಳುವರು. ಉತ್ತರ ಅದೇ ದಾರಿಯಲ್ಲಿ ವಾಪಸು ಬರುವುದು. ಅಷ್ಟರಲ್ಲಿ ಸಾರು ಆರಿಹೋಗಿರುತ್ತಿತ್ತು.

ಇಂಥ ಇಬ್ಬರನ್ನು ಮೂರು ದಿನ ಬೆಟ್ಟದ ಮೇಲೆ ಕಟ್ಟಿಕೊಂಡು ಹೋಗುವುದು ಬೇಡವೆಂದು ನಾನು ಷಡ್ಡಕರಿಗೆ ಸೂಚಿಸಿದೆ. ಅವರು ನನ್ನ ಮಾತು ಕೇಳಿಸಿಕೊಂಡರೋ ಇಲ್ಲವೋ, ನನ್ನ ಕಾಲಿನ ಅಳತೆ ಕೇಳಿ ದಪ್ಪ ಕಾಲುಚೀಲ ತರಲು ಹೋದರು.

ಹೊರಡುವ ದಿನ ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಂತು ಹಾರ್ನ್ ಹೊಡೆಯಿತು. ಹಿಂದಿನ ಸೀಟಿನಲ್ಲಿ ಒಂದು ಕಡೆ ಅತ್ತಿಗೆ, ಇನ್ನೊಂದು ಕಡೆ ನನ್ನ ಹೆಂಡತಿ, ನಡುವೆ ಕುತ್ತಿಗೆಯೆತ್ತರದ ಬ್ಯಾಕ್‌ಪ್ಯಾಕು. ಅದಕ್ಕೆ ಸೀಟ್‌ಬೆಲ್ಟನ್ನೂ ಕಟ್ಟಿದ್ದರು. ಬೆಟ್ಟದ ಕೆಳಗೆ ಭಾವನ ಆಫೀಸಿನ ಗೆಳೆಯರೊಬ್ಬರು ಕಾದಿದ್ದರು. ನಮ್ಮ ಕಾರನ್ನು ನಡಿಗೆ ಮುಗಿಯುವ ಉತ್ತರದ ಕಡೆಯಲ್ಲಿ ಬಿಟ್ಟು, ಅವರ ಕಾರಿನಲ್ಲಿ ದಕ್ಷಿಣದ ಕಡೆಗೆ ಹೋಗಿ ಇಳಿದೆವು.

ಇಳಿದ ಮೇಲೆ ಷಡ್ಡಕರು ಚೀಲದಿಂದ ಒಂದು ಗಂಟು ತೆಗೆದರು. ನೋಡಿದರೆ ಗೆಜ್ಜೆ! ಮಗಳು ಚಿಕ್ಕಂದಿನಲ್ಲಿ ಭರತನಾಟ್ಯ ಕಲಿಯುವಾಗ ಕಟ್ಟುತ್ತಿದ್ದ ಗೆಜ್ಜೆ. ಅದನ್ನು ತಮ್ಮ ಬ್ಯಾಕ್‌ಪ್ಯಾಕಿಗೆ ಬಿಗಿದರು. ಸದ್ದು ಕೇಳಿದರೆ ಕರಡಿ ತಾನಾಗಿ ದೂರ ಹೋಗುತ್ತದಂತೆ. ಅತ್ತಿಗೆ ತಲೆಗೆ ಸೆರಗು ಹೊದ್ದುಕೊಳ್ಳುವವರ ಹಾಗೆ ಜಾಕೆಟ್ಟಿನ ಟೋಪಿಯನ್ನು ಮುಖದವರೆಗೆ ಎಳೆದುಕೊಂಡು ನಾಲ್ಕು ಹೆಜ್ಜೆ ಹಿಂದೆ ಉಳಿದರು. ಝಲ್ ಝಲ್ ಎಂದು ಮೆರವಣಿಗೆ ಹೊರಟಿತು. ಓಕ್ ಮರಗಳು ಹೊಸ ಚಿಗುರಿನಲ್ಲಿದ್ದವು, ದಾರಿಯ ಪಕ್ಕ ಗುಲಾಬಿ ಬಣ್ಣದ ಕಾಡುಹೂವು ಬಿರಿದಿತ್ತು, ಗಾಳಿ ತಂಪಾಗಿತ್ತು. ಎಲ್ಲ ಚೆಂದವೇ. ಆದರೆ ಕರಡಿಯಿರಲಿ, ಆ ದಿನ ಒಂದು ಗುಬ್ಬಿಯೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಏರು ಶುರುವಾಯಿತು. ಮೆಟ್ಟಿಲ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ಷಡ್ಡಕರು ಮುಂದೆ, ಅಭ್ಯಾಸವೇ ಇಲ್ಲದ ನಾವು ಮೂವರು ಹಿಂದೆ. ಇದು ಕೆಲವು ನಿಮಿಷಗಳ ಮಾತು. ಸ್ವಲ್ಪ ಹೊತ್ತಿನಲ್ಲಿ ಅತ್ತಿಗೆ ಅವರನ್ನು ದಾಟಿದರು, ನನ್ನ ಹೆಂಡತಿ ದಾಟಿದಳು, ಕೊನೆಗೆ ನಾನೂ ದಾಟಿದೆ. ಮನೆಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿಯಿತ್ತು, ಇಲ್ಲಿ ಅದನ್ನು ಹಾಕಿಲ್ಲ ಎಂಬುದು ಅವರ ದೂರು.

ಮಧ್ಯಾಹ್ನದ ಹೊತ್ತಿಗೆ ಬೆವರು ಸುರಿಸುತ್ತಾ, ಕಲ್ಲು ಹಿಡಿದು ಹತ್ತುತ್ತಾ, ಲೋಕವನ್ನೇ ಬಿಟ್ಟು ಬಂದೆವೆಂದು ಅಂದುಕೊಂಡು ಒಂದು ದಿಬ್ಬದ ಮೇಲೆ ತಲೆಯೆತ್ತಿದರೆ ಎದುರಿಗೆ ಏನಿರಬೇಕು? ಡಾಂಬರು ರಸ್ತೆ! ರಸ್ತೆಯ ಮೇಲೆ ಸಾಲಾಗಿ ಕಾರು. ಪಕ್ಕದಲ್ಲೊಂದು ಅಂಗಡಿ. ಅಂಗಡಿಯ ಮುಂದೆ ಚಪ್ಪಲಿ ಹಾಕಿದ ಮುದುಕಿಯರು, ಎಳೆ ಮಕ್ಕಳು, ಎಲ್ಲರೂ ಐಸ್‌ಕ್ರೀಮ್ ತಿನ್ನುತ್ತಾ ನಿಂತಿದ್ದಾರೆ. ಕಾಲುದಾರಿಯ ಜೊತೆಜೊತೆಗೇ ಬೆಟ್ಟದ ನೆತ್ತಿಯುದ್ದಕ್ಕೂ ಕಾರಿನ ರಸ್ತೆ ಹೋಗುತ್ತದೆಂಬುದನ್ನು ಷಡ್ಡಕರು ನಮಗೆ ಹೇಳಿರಲಿಲ್ಲ. ನಂದಿಬೆಟ್ಟದ ವಿಷಯವನ್ನು ನಾನು ಎತ್ತಲಿಲ್ಲ. ಸುಮ್ಮನೆ ಅವರ ಮುಖ ನೋಡಿದೆ.

"ಆ ಕಡೆ ನೋಡ್ಬೇಡಿ" ಎಂದರು. ನಡೆಯುವವರು ಬೇರೆ, ಕಾರಿನವರು ಬೇರೆ. ನಾವು ಕಣ್ಣು ತಗ್ಗಿಸಿ ರಸ್ತೆ ದಾಟಿಬಿಡಬೇಕು ಎಂದರು. ನಾವು ಕಣ್ಣು ತಗ್ಗಿಸಿದೆವು. ಅತ್ತಿಗೆ ಮಾತ್ರ ನೆಟ್ಟಗೆ ಅಂಗಡಿಗೆ ಹೋಗಿ ಬ್ಲ್ಯಾಕ್‌ಬೆರಿ ಐಸ್‌ಕ್ರೀಮ್ ತಂದು ಬಂಡೆಯ ಮೇಲೆ ಕೂತು ತಿನ್ನತೊಡಗಿದರು. ಇನ್ನೊಂದನ್ನು ತಂದು, ಯಾರ ಮುಖವನ್ನೂ ನೋಡದೆ, ನನ್ನ ಕೈಗೆ ಕೊಟ್ಟು, "ನಿಮ್ಮ ಮನೆಯವಳಿಗೆ ಕೊಡಿ" ಎಂದರು. ಕೊಟ್ಟೆ. ಅವಳು ತಿಂದಳು. ನನಗೆ ಯಾರೂ ತರಲಿಲ್ಲ. ಷಡ್ಡಕರು ಐಸ್‌ಕ್ರೀಮಿನಿಂದ ಬೆಟ್ಟದ ಪಾವಿತ್ರ್ಯ ಹೇಗೆ ಹಾಳಾಗುತ್ತಿದೆಯೆಂದು ಉಪನ್ಯಾಸ ಕೊಡುತ್ತಾ ಕೊಡುತ್ತಾ ಹೆಂಡತಿಯ ಕೈಯಲ್ಲಿದ್ದದ್ದನ್ನು ಅರ್ಧ ಮುಗಿಸಿದ್ದರು.

ಸಂಜೆ ಮೊದಲ ಹಟ್ಟಿ ಬಂತು. ಕಾಡಿನ ನಡುವೆ ಗಟ್ಟಿಮುಟ್ಟಾದ ಕಲ್ಲಿನ ಕಟ್ಟಡ, ಮೇಲೆ ಇಳಿಜಾರು ಸೂರು, ಒಳಗೆ ಮಲಗಲು ಮರದ ಅಟ್ಟಣೆ. ಷಡ್ಡಕರು ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು, "ಇದರ ಮುಂದಿನ ಗೋಡೆ ಎಲ್ರೀ?" ಎಂದರು. ಇರಲಿಲ್ಲ. ಆ ಹಟ್ಟಿಗಳಿಗೆ ಮೂರೇ ಗೋಡೆ. ಮುಂದುಗಡೆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ, ನೇರವಾಗಿ ಕಾಡು. ಬೂಟು ಪಳಗಿಸಿದವರು, ಅವಲಕ್ಕಿ ಚೀಲ ನೇತುಹಾಕಿ ನೋಡಿದವರು, ಗೋಡೆ ಎಷ್ಟೆಂದು ವಿಚಾರಿಸಿರಲಿಲ್ಲ. ಬೇರೆಯವರಾದರೆ ಪೇಚಾಡಿಕೊಳ್ಳುತ್ತಿದ್ದರು. ಇವರು ಚೀಲದಿಂದ ತಮ್ಮ ಎರಡು ಪಂಚೆ ತೆಗೆದು ಗಂಟು ಹಾಕಿ ಅಡ್ಡಲಾಗಿ ಕಟ್ಟಿ, "ಈಗ ನಾಕಾಯ್ತು" ಎಂದರು. ಅಡ್ಡಪಂಚೆಯ ಹಸಿರು ಅಂಚು ಆ ಕಾಡಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಸ್ವಲ್ಪ ಹೊತ್ತಿಗೆ ಆ ಪಂಚೆಯನ್ನು ಸರಿಸಿ ಒಂದು ಗಡ್ಡ ಒಳಗೆ ಬಂತು. ಗಡ್ಡದ ಹಿಂದೆ ಒಬ್ಬ ತೆಳ್ಳಗಿನ ಮನುಷ್ಯನಿದ್ದ. ಸೌತ್ ಕೆರೊಲಿನಾದವನು, ಈ ದಾರಿಯಲ್ಲಿ ದಕ್ಷಿಣದ ಜಾರ್ಜಿಯಾದಿಂದ ದೇಶದ ಉತ್ತರ ತುದಿಯ ಮೇನ್‌ವರೆಗೆ ತಿಂಗಳುಗಟ್ಟಲೆ ನಡೆಯುವವನು. ಇಂಥವರು ದಾರಿಯಲ್ಲಿ ತಮ್ಮ ನಿಜವಾದ ಹೆಸರು ಹೇಳುವುದಿಲ್ಲ, ಒಂದು ಅಡ್ಡಹೆಸರು ಇಟ್ಟುಕೊಂಡಿರುತ್ತಾರೆ. ಅವನ ಹೆಸರು ಮಂಡೇ. ಸೋಮವಾರ ಆಫೀಸಿಗೆ ಹೋಗಲು ಬೇಸರವಾಗಿ ಕೆಲಸ ಬಿಟ್ಟವನಂತೆ. ಷಡ್ಡಕರ ಹೆಸರೇನೆಂದು ಕೇಳಿದ. ಇವರು ಊರಿನ ಹೆಸರು, ತಂದೆಯ ಹೆಸರು, ತಮ್ಮ ಹೆಸರು ಎಲ್ಲವನ್ನೂ ಸೇರಿಸಿ ಪಾಸ್‌ಪೋರ್ಟಿನಲ್ಲಿದ್ದಂತೆ ಹೇಳಿದರು. ಅಷ್ಟು ದೊಡ್ಡದನ್ನು ಹೊತ್ತುಕೊಂಡು ಬೆಟ್ಟ ಹತ್ತಲಾಗದು ಎಂದು ಅವನೆಂದ. ಅಷ್ಟರಲ್ಲಿ ಅತ್ತಿಗೆ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ವಾರಗಟ್ಟಲೆ ಒಣ ನೂಡಲ್ಸ್ ತಿಂದಿದ್ದ ಮಂಡೇ ಮೂರು ಸಲ ಹಾಕಿಸಿಕೊಂಡು, ಒಗ್ಗರಣೆಯ ಕಡಲೆಬೇಳೆಯನ್ನು ಬೆರಳಿನಿಂದ ಆರಿಸಿ ತಿಂದು, ಷಡ್ಡಕರಿಗೆ ಅಲ್ಲೇ ನಾಮಕರಣ ಮಾಡಿದ: ಲೆಮನ್ ರೈಸ್.

ಆಹಾ, ಆ ಸಂತೋಷ! ಮರುದಿನ ಬೆಳಿಗ್ಗೆ ಷಡ್ಡಕರು ಅವನಿಗೆ ಗೆಜ್ಜೆಯನ್ನು ದಾನ ಮಾಡಿಬಿಟ್ಟರು. ಮೇನ್‌ವರೆಗೆ ಎಷ್ಟು ಕರಡಿ ಸಿಗುತ್ತವೋ ಏನೋ, ಅವನಿಗೇ ಇರಲಿ ಎಂದು. ಗೆಜ್ಜೆ ಕಟ್ಟಿಕೊಂಡ ಗಡ್ಡ ಉತ್ತರಕ್ಕೆ ಹೊರಟು ನಮಗಿಂತ ಮುಂದೆ ಮಾಯವಾಯಿತು. ಆಮೇಲೆ ಎದುರಿನಿಂದ ಬಂದವರೆಲ್ಲ ನಮ್ಮನ್ನು ನಿಲ್ಲಿಸಿ, ನಿಮ್ಮಲ್ಲಿ ಲೆಮನ್ ರೈಸ್ ಯಾರು ಎಂದು ಕೇಳತೊಡಗಿದರು. ಷಡ್ಡಕರು ಕೈಯೆತ್ತಿ ಕೈಕುಲುಕುವರು. ಮಾಡಿದ್ದು ಅತ್ತಿಗೆ, ಹೆಸರು ಬಂದದ್ದು ಇವರಿಗೆ. ಇದರ ಬಗ್ಗೆ ಅತ್ತಿಗೆ ಹೇಳಿದ್ದು ಒಂದೇ ಮಾತು: "ಮನೇಲೂ ಹಂಗೇ."

ನನ್ನ ಹೆಂಡತಿ ನಕ್ಕಳು. ನಕ್ಕದ್ದು ಅಕ್ಕನಿಗೆ ಕಾಣಿಸಬಾರದೆಂದು ಮರದ ಕಡೆ ತಿರುಗಿದಳು. ಅಷ್ಟೇ. ಹಿಂದಿನ ರಾತ್ರಿ ಮಲಗುವಾಗಲೂ ಒಂದು ಗೋಡೆಯ ಪಕ್ಕ ಅತ್ತಿಗೆ, ಇನ್ನೊಂದು ಗೋಡೆಯ ಪಕ್ಕ ಇವಳು, ನಡುವೆ ನಾವಿಬ್ಬರು ಷಡ್ಡಕರು ಗಡಿ ಕಾಯುವ ಸೈನಿಕರ ಹಾಗೆ ಮಲಗಿದ್ದೆವು.

ಎರಡನೆಯ ದಿನ ಮಧ್ಯಾಹ್ನ ಮೋಡ ಕೆಳಗಿಳಿಯಿತು. ಕಣಿವೆ ಮುಚ್ಚಿತು, ಮರಗಳು ಮುಚ್ಚಿದವು, ಕೊನೆಗೆ ಮುಂದೆ ಹೋಗುವವರ ಬೆನ್ನು ಬಿಟ್ಟರೆ ಬೇರೇನೂ ಕಾಣದಾಯಿತು. ಸಣ್ಣ ಹನಿ ಶುರುವಾಯಿತು. ಎರಡನೆಯ ಹಟ್ಟಿ ಹತ್ತಿರ ಬಂದಿದ್ದೆವು. ಒದ್ದೆ ಬಂಡೆಯ ಮೇಲೆ ಅತ್ತಿಗೆಯ ಕಾಲು ಜಾರಿತು. ಅವರು ಕಾಲು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು. ನಾನೂ ಷಡ್ಡಕರೂ ಎರಡು ತೋಳು ಹಿಡಿದು, ಅವರನ್ನು ಒಂದೇ ಕಾಲಿನಲ್ಲಿ ಕುಪ್ಪಳಿಸುವಂತೆ ನಡೆಸಿಕೊಂಡು, ಹೇಗೋ ಹಟ್ಟಿ ಮುಟ್ಟಿಸಿದೆವು. ಅಟ್ಟಣೆಯ ಅಂಚಿನಲ್ಲಿ ಕೂರಿಸಿದೆವು.

ನನ್ನ ಹೆಂಡತಿ ಬ್ಯಾಕ್‌ಪ್ಯಾಕ್ ಕೆಳಗಿಟ್ಟು, ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತಳು.

"ಕಾಲು ಕೊಡು" ಎಂದಳು.

ಎಂಟು ತಿಂಗಳಲ್ಲಿ ಅವಳು ಅಕ್ಕನಿಗೆ ನೇರವಾಗಿ ಆಡಿದ ಮೊದಲ ಮಾತು. ಬೂಟಿನ ದಾರ ಬಿಚ್ಚಿದಳು, ಕಾಲುಚೀಲ ತೆಗೆದಳು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಮುರಿದಿಲ್ಲ, ಉಳುಕು ಅಷ್ಟೇ ಎಂದಳು. ಬ್ಯಾಂಡೇಜ್ ಸುತ್ತತೊಡಗಿದಳು. ಷಡ್ಡಕರು ನೀರಿನ ಬಾಟಲಿಗಳನ್ನೆಲ್ಲ ಒಟ್ಟು ಮಾಡಿ, ಬುಗ್ಗೆಯಿಂದ ನೀರು ತರುತ್ತೇನೆಂದು ಕೆಳಗೆ ಇಳಿದುಹೋದರು. ನಾನು ಹಟ್ಟಿಯ ಪಕ್ಕದ ಗೋಡೆಯ ಆಚೆ ಒಣಗಿದ ಕಟ್ಟಿಗೆ ಹುಡುಕುತ್ತಿದ್ದೆ. ಒಳಗಿನ ಮಾತು ನನಗೆ ಕೇಳಿಸಬಾರದಿತ್ತು, ಕೇಳಿಸಿತು.

"ಹೇಳ್ಬೇಕಿತ್ತು ಅಕ್ಕ ನೀನು."

"ಹೇಳೋಕೆ ಹೊರಟಿದ್ದೆ ಕಣೇ. ದಿನಾ ಅಮ್ಮನ ಹತ್ರ ಮಾತಾಡಿ ಫೋನಿಟ್ಟು, ನಿನ್ನ ನಂಬರ್ ತಿರುಗಿಸ್ತಿದ್ದೆ. ನೀನು ಹಲೋ ಅಂದ ತಕ್ಷಣ ಪರೀಕ್ಷೆ ನೆನಪಾಗೋದು. ನೀನು ಇಡೋವರೆಗೂ ಫೋನ್ ಹಿಡ್ಕೊಂಡೇ ಇರ್ತಿದ್ದೆ."



"ಓದ್ತಾ ಕೂತಾಗ ಬ್ಲಾಂಕ್ ಕಾಲ್ ಬರ್ತಿತ್ತು. ಯಾವನೋ ಸೇಲ್ಸ್‌ನವನು ಅಂತ ಬೈಕೊಂಡು ಇಡ್ತಿದ್ದೆ. ಅದು ನೀನಾ?"

"ನೀನು ಬೈಯೋದೂ ಕೇಳ್ಸೋದು. ಧ್ವನಿ ಕೇಳಿದ್ನಲ್ಲ, ಸಾಕು ಅನ್ಸೋದು."

ಆಮೇಲೆ ಯಾರು ಅತ್ತರು, ಯಾರು ಸಮಾಧಾನ ಮಾಡಿದರು ಎಂದು ನನಗೆ ಗೊತ್ತಿಲ್ಲ. ಅಕ್ಕತಂಗಿಯರ ಧ್ವನಿ ಒಂದೇ ತರಹ. ಆಯ್ದ ಕಟ್ಟಿಗೆಯನ್ನು ಹಿಡಿದುಕೊಂಡು ಅಲ್ಲಿ ನಿಲ್ಲುವುದು ಸರಿಯಲ್ಲವೆನಿಸಿತು. ಅಷ್ಟರಲ್ಲಿ ನೀರು ತರಲು ಹೋದವರು ಇನ್ನೂ ಬಂದಿಲ್ಲವೆಂಬುದು ನೆನಪಾಯಿತು. ಈ ಮಂಜಿನಲ್ಲಿ ಎಲ್ಲಿ ದಾರಿ ತಪ್ಪಿದರೋ, ಎಲ್ಲಿ ಬಿದ್ದರೋ! ಕಟ್ಟಿಗೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದೆ.

ಬುಗ್ಗೆ ತುಂಬ ದೂರವಿರಲಿಲ್ಲ. ಕಲ್ಲುಗಳ ಸಂದಿಯಿಂದ ಚಾಚಿದ ಸಣ್ಣ ಕೊಳವೆಯಲ್ಲಿ ಬೆರಳು ದಪ್ಪದ ನೀರು ಬೀಳುತ್ತಿತ್ತು. ಅದರ ಪಕ್ಕದ ಬಂಡೆಯ ಮೇಲೆ ಷಡ್ಡಕರು ಕೂತಿದ್ದರು. ತಲೆಯಿಂದ ಕನ್ನಡಕದ ಮೇಲೆ ನೀರು ಇಳಿಯುತ್ತಿತ್ತು. ಮುಂದೆ ಬಾಟಲಿಗಳು ಸಾಲಾಗಿ ನಿಂತಿದ್ದವು. ಎಲ್ಲವೂ ತುಂಬಿದ್ದವು.

"ತುಂಬಿದೆಯಲ್ಲ ಭಾವ, ಬನ್ನಿ" ಎಂದೆ.

ಅವರು ತುಟಿಯ ಮೇಲೆ ಬೆರಳಿಟ್ಟರು. ಅಲ್ಲಿಗೂ ಮಂಜಿನೊಳಗಿಂದ ಸಣ್ಣಗೆ ಆ ಎರಡು ಧ್ವನಿಗಳು ಕೇಳುತ್ತಿದ್ದವು. ಒಂದು ನಿಂತರೆ ಇನ್ನೊಂದು.

"ಮಾತಾಡ್ತಾ ಇದಾರೆ" ಎಂದರು ಪಿಸುಮಾತಿನಲ್ಲಿ. "ಮನೇಲಾದ್ರೆ ಯಾರಾದ್ರೊಬ್ರು ಎದ್ದು ಇನ್ನೊಂದು ರೂಮಿಗೆ ಹೋಗ್ಬಿಡ್ತಾರೆ. ಇಲ್ಲಿ ಎಲ್ಲಿಗೆ ಹೋಗ್ತಾರೆ ಹೇಳಿ."

ಹೇಳಿ ಒಂದು ತುಂಬಿದ ಬಾಟಲಿಯನ್ನು ಎತ್ತಿಕೊಂಡರು. ನಿಧಾನವಾಗಿ, ಸದ್ದಾಗದ ಹಾಗೆ, ನೀರನ್ನು ಪಾಚಿಯ ಮೇಲೆ ಚೆಲ್ಲಿದರು. ಮತ್ತೆ ಕೊಳವೆಯ ಕೆಳಗೆ ಹಿಡಿದರು. ಎಷ್ಟನೇ ಸಲ ಇದು ಎಂದು ಕೇಳಿದೆ. ಗೊತ್ತಿಲ್ಲವೆಂಬಂತೆ ತಲೆಯಾಡಿಸಿದರು. ಕೈಬೆರಳುಗಳು ತಣ್ಣೀರಿನಲ್ಲಿ ಕೆಂಪಗಾಗಿದ್ದವು.

ಆಮೇಲೆ ಬಂಡೆಯ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. ನಾನು ಕೂತೆ. ನನ್ನ ಮುಂದಿದ್ದ ಬಾಟಲಿಯ ಮುಚ್ಚಳ ತಿರುಗಿಸಿ, ಅಷ್ಟೂ ನೀರನ್ನು ಚೆಲ್ಲಿ, ನನ್ನ ಸರದಿ ಬರುವವರೆಗೆ ಕಾದೆ.